ಕಂಟ್ರೋಲ್ ಕೀ ಇದ್ದ ಜಾಗ

ಪುಟ್ಟಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಇಲ್ಲಿಯ ಸಮಾಚಾರ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನೀನು ಕೇಳಿದ್ದು ಮೂರೇ ಪ್ರಶ್ನೆ. ಯಾವ ಲ್ಯಾಪ್‌ಟಾಪ್ ತಗೊಳ್ಳಲಿ, ಎಷ್ಟು ರ್‍ಯಾಮ್ ಇರಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕಾ ಬೇಡವಾ. ಅರ್ಧ ಪುಟದ ಉತ್ತರ ಸಾಕಿತ್ತು. ಬರೆಯಲು ಕೂತೂ ಇದ್ದೆ. ಆಮೇಲೆ ನಿನ್ನ ಕಾಗದದ ಕೊನೆಯ ಸಾಲು ಮತ್ತೆ ಕಣ್ಣಿಗೆ ಬಿತ್ತು. "ಈ ಹಳೇ ಮೆಶಿನ್ ಇಟ್ಕೊಂಡು ಕೂತರೆ ನಾನೂ ಹಳಬನಾಗಿಬಿಡ್ತೀನೇನೋ ಅಂತ ಭಯ ಆಗುತ್ತೆ ದೊಡ್ಡಮ್ಮ."

ತಮಾಷೆಗೆ ಬರೆದಿರಬಹುದು. ಆದರೆ ಭಯ ಅನ್ನುವ ಪದ ನೀನು ಸುಲಭಕ್ಕೆ ಬಾಯಿಗೆ ತರುವವನಲ್ಲ. ಚಿಕ್ಕವನಿದ್ದಾಗ ಕತ್ತಲೆ ಕೋಣೆಗೆ ಹೋಗಿ ಏನಾದರೂ ತಗೊಂಡು ಬಾ ಅಂದರೆ "ನಂಗೇನು ಭಯ ಇಲ್ಲ, ಸುಮ್ನೆ ಹೋಗಲ್ಲ ಅಷ್ಟೇ" ಅನ್ನುತ್ತಿದ್ದೆ. ಅಂಥವನು ಈಗ ಭಯ ಅಂತ ಬರೆದಿದ್ದೀಯ. ಅದಕ್ಕೇ ಅರ್ಧ ಪುಟ ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಲ್ಯಾಪ್‌ಟಾಪಿನ ವಿವರ ಎರಡು ಸಲ ಓದಿದೆ. 2017ರದ್ದು, ಏಳನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಮುಖ ತೊಳೆದುಕೊಂಡು ಬಂದರೂ ಡೆಸ್ಕ್‌ಟಾಪ್ ಕಾಣಿಸಿರುವುದಿಲ್ಲ. ವಿಂಡೋಸ್ 11 ಹಾಕಲು ಹೋದರೆ ಈ ಪಿಸಿ ಲಾಯಕ್ಕಿಲ್ಲ ಅಂದಿತು. ಬಹುಶಃ ಆ ಮಾತೇ ನಿನಗೆ ಚುಚ್ಚಿದ್ದು, ಅಲ್ವಾ? ಅದು ಪ್ರೊಸೆಸರಿಗೆ ಹೇಳಿದ ಮಾತು ಕಣೋ. ಮೈಕ್ರೋಸಾಫ್ಟ್‌ನವರು ಇಂಟೆಲ್ ಪಟ್ಟಿಯನ್ನು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು ಮಾಡಿದರು. ಆ ಎಂಟನೇ ತಲೆಮಾರು ಬಂದದ್ದೂ ಅದೇ 2017ರಲ್ಲಿ, ಆಗಸ್ಟಿನಲ್ಲಿ. ನಿನ್ನದು ಕೆಲವು ತಿಂಗಳ ಅಂತರದಲ್ಲಿ ಗೆರೆಯ ಈ ಕಡೆ ಉಳಿಯಿತು. ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸವನ್ನು ಅದು ಇವತ್ತೂ ಮಾಡುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಉಚಿತ ಭದ್ರತಾ ಅಪ್‌ಡೇಟ್ ನಿಂತಿತು, ಅದು ನಿಜವಾದ ತೊಂದರೆ. ಅದಕ್ಕೆ ದಾರಿ ಇದೆ, ಆಮೇಲೆ ಹೇಳುತ್ತೇನೆ. ಮರೆತರೆ ನೆನಪಿಸು.

ಹಳಬನಾಗಿಬಿಡುತ್ತೇನೆ ಅನ್ನುವ ಭಯದ ಬಗ್ಗೆ ನನಗೆ ಗೊತ್ತಿರುವುದು ಒಂದೇ ಕಥೆ. ನಿಮ್ಮಮ್ಮನಿಗೂ ಹೇಳಿಲ್ಲ.

1996ರಲ್ಲಿ ನಮ್ಮ ಆಫೀಸಿಗೆ ಹೊಸ ಮೆಶಿನ್ ಬಂದವು. ಯಾವುದು ಬೇಕು ಅಂತ ಪಟ್ಟಿ ಮಾಡಿಕೊಟ್ಟವಳು ನಾನೇ. ಪೆಂಟಿಯಮ್, 16 ಎಂಬಿ ರ್‍ಯಾಮ್, ವಿಂಡೋಸ್ 95. ವಿಂಡೋಸಿಗೂ ಮುಂಚಿನ ಡಾಸ್ ಅನ್ನುವ ಸಿಸ್ಟಂ ಇದ್ದ ಹಳೆಯ ಮೆಶಿನ್‌ಗಳನ್ನು ಒಂದೇ ಮಧ್ಯಾಹ್ನ ಎತ್ತಿ ಗೋಡೆಗೆ ಒರಗಿಸಿ ಇಟ್ಟೆವು. ನನಗಾಗ ಎಷ್ಟು ಹೆಮ್ಮೆ! ಅದರ ಅಡಿಯಲ್ಲಿ ಇದ್ದದ್ದು ನಿನ್ನ ಭಯವೇ. ಹೊಸ ಹುಡುಗರು ಕೆಲಸಕ್ಕೆ ಸೇರುತ್ತಿದ್ದರು. ನನಗೆ ಗೊತ್ತಿರುವುದು ಇಷ್ಟೇ ಅಂತ ಎಲ್ಲಿ ಗೊತ್ತಾಗಿಬಿಡುತ್ತದೋ ಅಂತ ಒಳಗೊಳಗೇ ಅಂಜಿಕೆ. ಹೊಸದನ್ನು ತರಿಸಿದವಳು ಅನ್ನಿಸಿಕೊಂಡರೆ ಹಳಬಳು ಅಂತ ಯಾರೂ ಅನ್ನುವುದಿಲ್ಲ ಅಂತ ಲೆಕ್ಕ ಹಾಕಿದ್ದೆ.

ನಮ್ಮಲ್ಲಿ ಒಬ್ಬರು ಹಿರಿಯ ಟೈಪಿಸ್ಟ್ ಇದ್ದರು. ವರ್ಡ್‌ಸ್ಟಾರ್‌ನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ವರ್ಡ್‌ಸ್ಟಾರ್ ನೀನು ನೋಡಿರುವುದಿಲ್ಲ, ಡಾಸ್ ಕಾಲದ ಟೈಪಿಂಗ್ ಪ್ರೋಗ್ರಾಂ ಅದು. ಅದರಲ್ಲಿ ಮೌಸ್ ಬೇಕಿರಲಿಲ್ಲ, ಎಲ್ಲಾ ಕಂಟ್ರೋಲ್ ಕೀಯಲ್ಲೇ. ಕಂಟ್ರೋಲ್ ಕೆ ಬಿ ಅಂದರೆ ಬ್ಲಾಕಿನ (ಗುರುತು ಹಾಕಿಕೊಳ್ಳುವ ಭಾಗದ) ಶುರು, ಕಂಟ್ರೋಲ್ ಕೆ ಕೆ ಅಂದರೆ ಕೊನೆ, ಕಂಟ್ರೋಲ್ ಕೆ ಡಿ ಅಂದರೆ ಸೇವ್ ಮಾಡಿ ಮುಗಿಸು. ಅವರ ಎಡಗೈ ಕಿರುಬೆರಳು ಕಂಟ್ರೋಲ್ ಮೇಲೆ ಅಂಟಿಕೊಂಡಂತೆ ಇರುತ್ತಿತ್ತು. ಆ ಹಳೆಯ 84 ಕೀಗಳ ಕೀಬೋರ್ಡಿನಲ್ಲಿ ಕಂಟ್ರೋಲ್ ಇದ್ದದ್ದು ಎ ಅಕ್ಷರದ ಪಕ್ಕದಲ್ಲೇ. ಸಂಜೆ ಹೊರಡುವಾಗ ಕೀಬೋರ್ಡಿನ ಮೇಲೆ ಕರ್ಚೀಫು ಮುಚ್ಚಿ ಹೋಗುತ್ತಿದ್ದರು.

ಹೊಸ ಮೆಶಿನ್‌ಗಳ ಜೊತೆ ಹೊಸ ಕೀಬೋರ್ಡ್ ಬಂತು. ಅದರಲ್ಲಿ ಕಂಟ್ರೋಲ್ ಕೆಳಗಿನ ಮೂಲೆಗೆ ಹೋಗಿತ್ತು. ಎ ಪಕ್ಕದಲ್ಲಿ ಕ್ಯಾಪ್ಸ್ ಲಾಕ್. ಅವರು ಮೊದಲ ದಿನ ಟೈಪ್ ಮಾಡಿದ ಪತ್ರ ನನಗೆ ಕಣ್ಣಿಗೆ ಕಟ್ಟಿದಂತಿದೆ. ಅರ್ಧ ಸಾಲು ಸಣ್ಣ ಅಕ್ಷರ, ಅರ್ಧ ಸಾಲು ದೊಡ್ಡ ಅಕ್ಷರ, ನಡುನಡುವೆ ಸುಮ್ಮಸುಮ್ಮನೆ ಕೆ, ಬಿ, ಡಿ. ಬೆರಳು ಅದರ ಪಾಡಿಗೆ ಬ್ಲಾಕ್ ಮಾಡುತ್ತಿತ್ತು, ಸೇವ್ ಮಾಡುತ್ತಿತ್ತು. ಮೆಶಿನ್ ಮಾತ್ರ ಅದನ್ನು ಅಕ್ಷರ ಅಂತ ಬರೆದುಕೊಳ್ಳುತ್ತಿತ್ತು. ಹುಡುಗರು ನಕ್ಕರು. ನಾನೂ ನಕ್ಕೆ. ಎರಡು ತಿಂಗಳಲ್ಲಿ ಅವರನ್ನು ಟಪಾಲು ನೋಡಿಕೊಳ್ಳುವ ಮೇಜಿಗೆ ಹಾಕಿದರು. ಲಕೋಟೆಗೆ ಅಂಟು ಹಚ್ಚುವ ಕೆಲಸ.

ಈಗ ಕೇಳು. ವಿಂಡೋಸ್ 95ರಲ್ಲಿ ಡಾಸ್ ಪ್ರೋಗ್ರಾಂಗಳು ಓಡುತ್ತಿದ್ದವು. ಅವರ ಮೆಶಿನ್‌ನಲ್ಲಿ ವರ್ಡ್‌ಸ್ಟಾರ್ ಹಾಕಿಕೊಡುವುದು ಹತ್ತು ನಿಮಿಷದ ಕೆಲಸ. ಕ್ಯಾಪ್ಸ್ ಲಾಕನ್ನೂ ಕಂಟ್ರೋಲನ್ನೂ ಅದಲುಬದಲು ಮಾಡುವ ಪುಟಾಣಿ ಪ್ರೋಗ್ರಾಂಗಳೂ ಆಗಲೇ ಇದ್ದವು. ನನಗೆ ಎರಡೂ ಗೊತ್ತಿತ್ತು. ಮಾಡಲಿಲ್ಲ. ಹೊಸದು ತಂದ ಮೇಲೆ ಮತ್ತೆ ಹಳೆಯದನ್ನು ಕೂರಿಸಿದರೆ ನನ್ನ ಮರ್ಯಾದೆ ಏನಾಗಬೇಕು ಅಂತ.

ಅದಕ್ಕೇ ಪುಟ್ಟಾ, ಹಳಬನಾಗುತ್ತೇನೆ ಅಂತ ನೀನು ಬರೆದಾಗ ನನಗೆ ಆ ಮೇಜು ನೆನಪಾಯಿತು. ಅವರು ಹಳಬರಾಗಿರಲಿಲ್ಲ. ನಾನು ಮಾಡಿದ್ದು ಅದು.

ಇರಲಿ. ನಿನ್ನ ಮೆಶಿನ್ ವಿಷಯಕ್ಕೆ ಬರುತ್ತೇನೆ.

ಮೊದಲು ಅದಕ್ಕೇನಾಗಿದೆ ಅಂತ ನೋಡು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆನ್ ಮಾಡಿದ ಕೂಡಲೇ ಅದನ್ನು ತೆರೆದು ಐದು ನಿಮಿಷ ಸುಮ್ನೆ ನೋಡುತ್ತಾ ಕೂತಿರು. ಸಿಪಿಯು, ಅಂದರೆ ಪ್ರೊಸೆಸರ್, 15, 20 ಪರ್ಸೆಂಟಿನಲ್ಲಿ ಆರಾಮಾಗಿದ್ದು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿರುತ್ತದೆ ಅಂತ ನನ್ನ ಊಹೆ. ತಮಾಷೆ ಅಂದರೆ, ಆಗ ಓದುವ ವೇಗ ನೋಡಿದರೆ ಸೆಕೆಂಡಿಗೆ ಒಂದೆರಡು ಎಂಬಿಯೂ ಇರುವುದಿಲ್ಲ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ವಿಂಡೋಸ್ ಏಳುವಾಗ ಸಾವಿರಾರು ಚೂರುಪಾರು ಫೈಲ್ ಕೇಳುತ್ತದೆ. ಒಂದೊಂದಕ್ಕೂ ಒಳಗಿನ ಮುಳ್ಳು ಓಡಿಹೋಗಿ, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಸೆಕೆಂಡಿಗೆ ನೂರು ಸಲ ಓಡುವಷ್ಟರಲ್ಲಿ ಅದರ ಉಸಿರು ಮುಗಿದಿರುತ್ತದೆ. ಪ್ರೊಸೆಸರ್ ಪಾಪ, ಕೈಕಟ್ಟಿ ಕೂತಿರುತ್ತದೆ. ನೀನು ಬೈಯುವುದು ಅದನ್ನೇ.

ಇದಕ್ಕೆ ಮದ್ದು ಎಸ್‌ಎಸ್‌ಡಿ, ಅಂದರೆ ತಟ್ಟೆಯ ಬದಲು ಚಿಪ್ಪುಗಳಲ್ಲೇ ಫೈಲ್ ಇಟ್ಟುಕೊಳ್ಳುವ ಡಿಸ್ಕ್. ಅದರಲ್ಲಿ ತಿರುಗುವುದು ಏನೂ ಇಲ್ಲ. ಹಾರ್ಡ್ ಡಿಸ್ಕಿನ ಜಾಗಕ್ಕೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಿಗುತ್ತದೆ. ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ, ಚೂರುಪಾರು ಓದುವುದರಲ್ಲಂತೂ ಹೋಲಿಕೆಯೇ ಇಲ್ಲ. ಎನ್‌ವಿಎಂಇ ಅನ್ನುವುದು ಇನ್ನೂ ವೇಗ, ಆದರೆ ಅದಕ್ಕೆ ಬೋರ್ಡಿನ ಮೇಲೆ ಎಂ.2 ಅನ್ನುವ ಬೇರೆ ಸ್ಲಾಟ್ ಬೇಕು. ಸ್ಲಾಟ್ ಇದ್ದರೂ ಕೆಲವು ಸಾಟಾ ಮಾತ್ರ ಒಪ್ಪುತ್ತವೆ. ನಿನ್ನ ಮಾಡೆಲ್ಲಿನ ಕೈಪಿಡಿ ನೋಡದೆ ತಗೊಳ್ಳಬೇಡ. ದಿನದ ಕೆಲಸಕ್ಕೆ ಎರಡರ ನಡುವಿನ ವ್ಯತ್ಯಾಸ ನಿನ್ನ ಕಣ್ಣಿಗೆ ಹೆಚ್ಚು ಕಾಣುವುದಿಲ್ಲ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದದ್ದು ಮಾತ್ರ ಮೊದಲ ದಿನವೇ ಕಾಣುತ್ತದೆ.

ರ್‍ಯಾಮ್ 4 ಜಿಬಿ ಈಗ ಸಾಲದು, ಬ್ರೌಸರ್ ಒಂದೇ ಅಷ್ಟನ್ನೂ ನುಂಗುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಲಾಟ್ ಎಷ್ಟರಲ್ಲಿ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ 8 ಜಿಬಿ ಇನ್ನೊಂದು ಕೂರಿಸು. ನಿನ್ನದರಲ್ಲಿ ಡಿಡಿಆರ್4 ಬಗೆಯ ರ್‍ಯಾಮ್ ಇದೆಯೋ ಡಿಡಿಆರ್3 ಬಗೆಯದೋ ಮೊದಲು ನೋಡಿಕೋ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚೇ ಬೇರೆ ಕಡೆ ಇರುತ್ತದೆ. ಬಲವಂತ ಮಾಡಬೇಡ. ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡೂ ಕಡೆಯ ಕ್ಲಿಪ್ ಟಕ್ ಅನ್ನುತ್ತದೆ. ಆ ಸದ್ದು ಕೇಳಲಿಲ್ಲ ಅಂದರೆ ಕೂತಿಲ್ಲ ಅಂತಲೇ.

ಇದನ್ನೆಲ್ಲ ನಿನಗೆ ಹೇಳುವಷ್ಟು ನಾನು ಜಾಣೆಯೇನಲ್ಲ. ಒಮ್ಮೆ ನನ್ನ ಡೆಸ್ಕ್‌ಟಾಪಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಹಳೆಯದೇ ಸಾಕು ಅಂತ ಬಿಟ್ಟೆ. ಒಂದು ವಾರ ತಾನಾಗೇ ಆಫ್ ಆಗಿ ಆನ್ ಆಗುತ್ತಿತ್ತು. ಎಂಟನೇ ದಿನ ಸುಟ್ಟ ವಾಸನೆ. ಅದರ ಜೊತೆ ಡಿಸ್ಕೂ ಹೋಯಿತು, ಡಿಸ್ಕಿನ ಜೊತೆ ನಾಲ್ಕು ವರ್ಷದ ಫೋಟೋಗಳು. ನಿನ್ನ ನಾಮಕರಣದ್ದೂ ಅದರಲ್ಲಿತ್ತು. ನಿಮ್ಮಮ್ಮನಿಗೆ ಕ್ಯಾಮೆರಾ ಕೆಟ್ಟಿತ್ತು ಅಂತ ಹೇಳಿದ್ದೇನೆ, ನೀನೂ ಹಾಗೇ ಇಟ್ಟುಕೋ. ಆ ಕಾರ್ಡ್ ನನಗೆ ಬೇಕೂ ಇರಲಿಲ್ಲ. ತಂಗಿಯ ಮೈದುನ ತಗೊಂಡಿದ್ದ ಅಂತ ನಾನೂ ತಗೊಂಡೆ. ಮತ್ತೆ ಅದೇ ಭಯ ನೋಡು.

ಹಾಗಾಗಿ ಮುಚ್ಚಳ ಬಿಚ್ಚುವ ಮೊದಲು ನಿನ್ನ ಫೈಲುಗಳ ಕಾಪಿ ಬೇರೊಂದು ಡಿಸ್ಕಿನಲ್ಲಿರಲಿ. ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ಒಂದು ಯುಎಸ್‌ಬಿ ಕೇಸಿನಲ್ಲಿ ಹಾಕಿ ಎತ್ತಿಡು, ಒಂದು ತಿಂಗಳು ಅದರಲ್ಲಿ ಏನೂ ಅಳಿಸಬೇಡ. ಇದು ನಿನಗೆ ಗೊತ್ತಿರುತ್ತದೆ. ಗೊತ್ತಿದ್ದೂ ಮಾಡದಿರುವ ವಿಷಯಗಳಲ್ಲಿ ಇದೇ ಮೊದಲನೆಯದು, ಅದಕ್ಕೆ ಬರೆದೆ.

ಆಪರೇಟಿಂಗ್ ಸಿಸ್ಟಂ ಬಗ್ಗೆ ಹೇಳುತ್ತೇನೆ ಅಂದಿದ್ದೆ. ವಿಂಡೋಸ್ 10ರಲ್ಲೇ ಇರಬೇಕಾದರೆ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ನೋಂದಾಯಿಸುವ ದಾರಿ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಇದೆ, ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಅಂತ ಹೇಳಿದ್ದರು. ಅದು ಸ್ವಲ್ಪ ಸಮಯ ಕೊಳ್ಳುವ ಉಪಾಯ ಅಷ್ಟೇ. ಅಷ್ಟರಲ್ಲಿ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಉಚಿತ ಸಿಸ್ಟಂ ಲಿನಕ್ಸ್ ಮಿಂಟನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ ನೋಡು. ಇನ್‌ಸ್ಟಾಲ್ ಮಾಡದೆಯೇ ವೈಫೈ, ಸೌಂಡ್, ಕ್ಯಾಮೆರಾ ಎಲ್ಲಾ ಹಿಡಿಯುತ್ತದಾ ಅಂತ ಪರೀಕ್ಷೆ ಮಾಡಬಹುದು. ನೀನು ಬರೆಯುವ ಕೋಡಿಗೆ ಅದು ಒಳ್ಳೆಯ ಮನೆ. ವಿಂಡೋಸಿನಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್ ಯಾವುದಾದರೂ ನಿನಗೆ ಬೇಕೇ ಬೇಕು ಅಂತಿದ್ದರೆ ಮೊದಲೇ ಪಟ್ಟಿ ಮಾಡಿಕೋ, ಆಮೇಲೆ ನನ್ನನ್ನು ಬೈಯಬೇಡ. ನನ್ನ ಮೇಜಿನ ಮೇಲಿರುವುದು ನಾಲ್ಕನೇ ತಲೆಮಾರಿನದು, 2014ರಲ್ಲಿ ತಗೊಂಡದ್ದು. ಮಿಂಟ್ ಹಾಕಿಕೊಂಡು ಓಡುತ್ತಿದೆ.

ಇಷ್ಟಾದರೂ ಹೊಸದು ಬೇಕು ಅನ್ನಿಸಿದರೆ ತಗೋ. ನಾನು ಬೇಡ ಅನ್ನುತ್ತಿಲ್ಲ. ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾ, ಆಮೇಲೆ ಸೇರಿಸಬಹುದಾ ಅಂತ ಕೇಳಿ ತಿಳಿದುಕೋ. ಬೆಸುಗೆ ಹಾಕಿದ್ದಾದರೆ ಮೊದಲೇ 16 ಜಿಬಿ ಇರಲಿ. ನೀನು ಹೇಳಿದ ದೊಡ್ಡ ಗ್ರಾಫಿಕ್ಸ್ ಕಾರ್ಡು ವಿಡಿಯೋ ಎಡಿಟಿಂಗ್, ಆಟ, 3ಡಿ ಮಾಡುವವರಿಗೆ ಕೆಲಸಕ್ಕೆ ಬರುತ್ತದೆ. ನಿನ್ನ ಕೆಲಸ ಬ್ರೌಸರ್ ಮತ್ತು ಕೋಡ್ ಅಂತ ನೀನೇ ಬರೆದಿದ್ದೀಯ. ಕಂತಿನಲ್ಲಿ ತಗೊಳ್ಳುತ್ತೇನೆ ಅಂದದ್ದು ನನಗೆ ಹಿಡಿಸಲಿಲ್ಲ. ಕಂತು ಮುಗಿಯುವಷ್ಟರಲ್ಲಿ ಅದನ್ನೂ ಯಾವುದೋ ಪಟ್ಟಿ ಲಾಯಕ್ಕಿಲ್ಲ ಅನ್ನಬಹುದು. ಆಗಲೂ ನಿನಗೆ ಇದೇ ಭಯ ಬರುತ್ತದಾ ಅನ್ನುವುದು ನನ್ನ ಚಿಂತೆ.

ಜೊತೆಯ ಹುಡುಗರು ನಿನ್ನ ಲ್ಯಾಪ್‌ಟಾಪ್ ನೋಡಿ ಏನಾದರೂ ಅಂದರಾ? ಕಾಗದದಲ್ಲಿ ಅದನ್ನು ನೀನು ಬರೆದಿಲ್ಲ. ಅಂದಿದ್ದರೆ ನನಗೆ ಹೇಳು. ನಗುವವರ ಪೈಕಿ ನಾನೂ ಇದ್ದೆ, ಅವರ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ನನಗೆ ಗೊತ್ತು.

ಹೋದ ವರ್ಷ ಮಿಂಟಿನ ಕೀಬೋರ್ಡ್ ಸೆಟ್ಟಿಂಗ್ಸ್ ನೋಡುತ್ತಿದ್ದಾಗ ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಮಾಡಿಕೊಳ್ಳುವ ಆಯ್ಕೆ ಕಂಡಿತು. ನಾಲ್ಕು ಕ್ಲಿಕ್ ಅಷ್ಟೇ. ಮಾಡಿಕೊಂಡಿದ್ದೇನೆ. ನನಗೆ ಅಭ್ಯಾಸವಿಲ್ಲ, ದಿನಕ್ಕೆ ಹತ್ತು ಸಲ ತಪ್ಪುತ್ತದೆ, ಆದರೂ ತೆಗೆದಿಲ್ಲ. ಅವರು ಈಗಿಲ್ಲ. ಇದ್ದಾಗ ಹೋಗಿ ಮಾತಾಡಿಸಬಹುದಿತ್ತು.

ಮುಚ್ಚಳ ಬಿಚ್ಚುವ ದಿನ ಮೊದಲು ಪವರ್ ಆಫ್ ಮಾಡಿ ಚಾರ್ಜರ್ ತೆಗೆ, ಒಳಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಕನೆಕ್ಟರ್ ಬಿಡಿಸು. ಸ್ಕ್ರೂಗಳು ಒಂದೇ ಅಳತೆಯವಲ್ಲ. ಲ್ಯಾಪ್‌ಟಾಪಿನ ತಳದ ಚಿತ್ರ ಒಂದು ಹಾಳೆಯ ಮೇಲೆ ಬರೆದು, ಯಾವ ತೂತಿನದು ಅಲ್ಲೇ ಟೇಪಿನಿಂದ ಅಂಟಿಸುತ್ತಾ ಹೋಗು. ಒಳಗಿನದರ ಫೋಟೋ ತೆಗೆದು ನನಗೆ ಕಳಿಸು, ಏನೂ ಮುಟ್ಟುವ ಮೊದಲು. ಫ್ಯಾನಿನ ಹತ್ತಿರ ಬೂದು ಬಣ್ಣದ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಅದನ್ನು ಮೆತ್ತಗಿನ ಬ್ರಶ್ಶಿನಿಂದ ತೆಗೆ, ಬಾಯಲ್ಲಿ ಊದಬೇಡ, ಎಂಜಲು ಬೀಳುತ್ತದೆ.

ನಿನ್ನ
ದೊಡ್ಡಮ್ಮ