ಮಗಳಿಗೊಂದು ಪತ್ರ: ನನ್ನ ಅಕೌಂಟ್ ಯಾಕೆ ಕೊಡಲಿಲ್ಲ

ಹಾಸನ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನ್ ಇಟ್ಟವಳು ನೀನು ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಫೋನಿನಲ್ಲಾದರೆ ಇಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಸಿಟ್ಟು ಮಾಡಿಕೋ.

"ಸ್ವಂತ ಮಗಳ ಮೇಲೂ ನಂಬಿಕೆ ಇಲ್ವಾ ಅಮ್ಮ" ಅಂದೆ. ಇದೆ ಕಣೆ. ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾರುವುದು ಅಂದರೆ ಸುಮ್ನೆ ಆಟವಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಅಂಗಡಿ, ಅವರವರದೇ ಹದ. ಹೊರಗಿನಿಂದ ಹೋದವಳು ನೀನು ಅಂಥ ಊರಲ್ಲಿ ಗಿರಾಕಿ ಹಿಡಿದಿದ್ದೀಯ. ಇಲ್ಲಿ ಮನೆಗೆ ಬಂದವರಿಗೆಲ್ಲ ನಿನ್ನ ಪುಡಿಯದೇ ಕಾಫಿ ಕೊಟ್ಟು, "ಚಿಕೋರಿ ಎಷ್ಟಿದೆ ಹೇಳಿ ನೋಡೋಣ" ಅಂತ ಕೇಳುತ್ತಿರುತ್ತೇನೆ. ನಿನ್ನೆದುರು ಹೇಳಿಲ್ಲ ಅಷ್ಟೆ. ಆದರೆ ನನ್ನ ಪೆನ್ಷನ್ ಅಕೌಂಟಿಗೊಂದು ಕ್ಯೂಆರ್ ಮಾಡಿಸಿ, ಅರ್ಧ ವ್ಯಾಪಾರ ಅದರಲ್ಲಿ ಹಾಕಿಸಿಕೊಂಡರೆ ಮುಂದೆ ವ್ಯಾಪಾರ ಬೆಳೆದರೂ ಜಿಎಸ್‌ಟಿಯ ನೋಂದಣಿ ಮಿತಿ 40 ಲಕ್ಷ ದಾಟಲ್ಲ ಅಂದೆಯಲ್ಲ, ಅದಕ್ಕೆ ಇವತ್ತೂ ಆಗಲ್ಲ ಅಂತಲೇ ಹೇಳುತ್ತೇನೆ.

ತಾತನ ಸಕಲೇಶಪುರದ ಅಂಗಡಿ ನಿನಗೆ ನೆನಪಿರಲ್ಲ. ದಿನಸಿ ಅಂಗಡಿ. ತೋಟದವರು ವರ್ಷವೆಲ್ಲ ಸಾಲದಲ್ಲಿ ಸಾಮಾನು ಒಯ್ದು, ಕೊಯ್ಲು ಮುಗಿದ ಮೇಲೆ ತೀರಿಸುತ್ತಿದ್ದರು. ಗಲ್ಲಾಪೆಟ್ಟಿಗೆ ಒಂದೇ. ಮಂಡಿಯವರಿಗೂ ಅದರಿಂದಲೇ, ನನ್ನ ಕಾಲೇಜ್ ಫೀಸಿಗೂ ಅದರಿಂದಲೇ, ಹಬ್ಬದ ಸೀರೆಗೂ ಅದರಿಂದಲೇ. ಲೆಕ್ಕ ಎಲ್ಲಿ ಅಂದರೆ ತಲೆ ಮುಟ್ಟಿ ತೋರಿಸುತ್ತಿದ್ದರು. ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕವೊಂದು ಇತ್ತು, ಇಲ್ಲ ಅಂತಲ್ಲ. ಅವರು ಹೋದ ಮೇಲೆ ತೆಗೆದು ನೋಡಿದರೆ "ಹಸಿರು ಜೀಪು 3,200", "ದೊಡ್ಡ ಮೀಸೆ 900", "ಮೇಲಿನ ಲೈನಿನ ಅಕ್ಕ, ಬೆಲ್ಲದ್ದು ಮಾತ್ರ". ಹಸಿರು ಜೀಪು ಅಂದರೆ ಯಾರು? ಆಗಿನ ಸಕಲೇಶಪುರದಲ್ಲಿ ಎಷ್ಟು ಹಸಿರು ಜೀಪು! ಕೊಡಬೇಕಾದವರು ಒಬ್ಬರೂ ಬರಲಿಲ್ಲ. ಸಾಲ ಕೊಟ್ಟಿದ್ದವರು ಮಾತ್ರ ವೈಕುಂಠ ಸಮಾರಾಧನೆಯ ದಿನವೇ ಬಂದು, ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಜೇಬಿನಿಂದ ಚೀಟಿ ತೆಗೆದರು.

ಅದನ್ನಾದರೂ ತೀರಿಸಿದೆವು. ತಾತ ಒಂದಷ್ಟು ದುಡ್ಡನ್ನು ತಮ್ಮನ ಹೆಸರಲ್ಲಿ ಬ್ಯಾಂಕಿಗೆ ಹಾಕಿದ್ದರು. ಯಾಕೆ ಅಂದರೆ ಅನುಕೂಲ ಅಂತ. ನೀನೂ ಅದೇ ಪದ ಹೇಳಿದೆ, "ಅನುಕೂಲಕ್ಕೆ ಅಮ್ಮ". ಪಾಸ್‌ಬುಕ್ ಯಾರ ಹೆಸರಲ್ಲಿದೆಯೋ ಹಣ ಅವರದು ಅಂತ ತಾತ ಹೋದ ಮೇಲೆ ಅವರ ತಮ್ಮನ ಮನೆಯವರು ಅಂದುಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮಕ್ಕಳಿಗೂ ಅದು ಅಪ್ಪನ ದುಡ್ಡಾಗಿಯೇ ಕಂಡಿರಬೇಕು. ನಮ್ಮಮ್ಮ ಮಾತ್ರ ಆ ಪುಸ್ತಕವನ್ನು ಕೊನೆಯವರೆಗೂ ಬಿಡಿಸಿ ಬಿಡಿಸಿ ನೋಡುತ್ತಿದ್ದರು, ಎಲ್ಲೋ ಒಂದು ಗೆರೆ ಬರೆದಿರುತ್ತಾರೆ ಅಂತ. ಬರೆದಿರಲಿಲ್ಲ. ನಾಳೆ ನನಗೆ ಏನಾದರೂ ಆದರೆ, ನನ್ನ ಅಕೌಂಟಿನಲ್ಲಿರುವ ಇಷ್ಟು ಹಣ ಅಕ್ಕನ ಅಂಗಡಿಯದು ಅಂತ ನಿನ್ನ ತಮ್ಮನಿಗೆ ಯಾರು ಹೇಳುತ್ತಾರೆ? ಅವನು ಒಳ್ಳೆಯವನೇ. ತಾತನ ತಮ್ಮನೂ ಒಳ್ಳೆಯವರೇ ಆಗಿದ್ದರು.

ನೋಡು, ಎರಡು ಮಾತು ಅಂದುಕೊಂಡು ಕೂತವಳು ಸಕಲೇಶಪುರದಲ್ಲೇ ಉಳಿದುಬಿಟ್ಟೆ.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ನೀನು ಹೆದರುತ್ತಿರುವುದು ಯಾವ ತೆರಿಗೆಗೆ? ವರ್ಷಕ್ಕೆ 36 ಲಕ್ಷ ವ್ಯಾಪಾರ, ಎಲ್ಲ ಯುಪಿಐ ಅಂದೆ. ಆದಾಯ ತೆರಿಗೆಯಾದರೆ, ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಆದಾಯದ ಪದ್ಧತಿಯಲ್ಲಿ ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6, ನಗದಿಗೆ ಶೇ. 8 ಲಾಭ ಅಂತ ತೋರಿಸಬಹುದು. ನಿನ್ನದು 2 ಲಕ್ಷ 16 ಸಾವಿರ. ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸು, ಅದರಲ್ಲಿ ಜಾಣತನ ಬೇಡ. ಹಾಗೆ ತೋರಿಸಿದರೂ ಹೊಸ ಪದ್ಧತಿಯಲ್ಲಿ 12 ಲಕ್ಷದ ಆದಾಯದವರೆಗೆ ರಿಬೇಟ್, ಅಂದರೆ ತೆರಿಗೆ ಮಾಫಿ ಇದೆ, ಕೈಯಿಂದ ಒಂದು ರೂಪಾಯಿ ಹೋಗಲ್ಲ. ಕ್ಯಾಶ್ ತಗೊಂಡರೆ ಲಾಭದ ಲೆಕ್ಕ ಏರುತ್ತದೆ.

ಜಿಎಸ್‌ಟಿ ಬೇರೆ. ಅದು ಲಾಭ ನೋಡಲ್ಲ, ವ್ಯಾಪಾರ ನೋಡುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು "ನೋ ಯುಪಿಐ" ಬೋರ್ಡ್ ಹಾಕಿದ್ದರಲ್ಲ, ನಿನ್ನ ಭಯ ಅಲ್ಲಿಂದ ಬಂದದ್ದು ಅಂತ ನನಗೆ ಗೊತ್ತು. ಆದರೆ ನೀನು ಹೈದರಾಬಾದಿಗೆ, ಚೆನ್ನೈಗೆ ಪಾರ್ಸೆಲ್ ಕಳಿಸುತ್ತೀಯ. ಹುರಿದ ಕಾಫಿಪುಡಿಗೆ ಶೇ. 5 ಜಿಎಸ್‌ಟಿ ಇದೆ. ತೆರಿಗೆ ಇರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರಿದರೆ 40 ಲಕ್ಷದ ಮಾತೇ ಇಲ್ಲ, ಮೊದಲ ಪಾರ್ಸೆಲ್‌ಗೇ ನೋಂದಣಿ ಬೇಕು. ಇದನ್ನು ನಿನಗೆ ಯಾರೂ ಹೇಳಿಲ್ಲವಾ? ವ್ಯಾಪಾರದ ಶೇ. 1 ಕಟ್ಟಿ ಸುಮ್ಮನಿರುವ ಕಾಂಪೊಸಿಷನ್ ಪದ್ಧತಿ ಕೂಡ ಬೇರೆ ರಾಜ್ಯಕ್ಕೆ ಪಾರ್ಸೆಲ್ ಕಳಿಸುವವರಿಗೆ ಸಿಗಲ್ಲ. ಸಾಧಾರಣ ನೋಂದಣಿಯೇ ಮಾಡಿಸು. ಅದಕ್ಕೆ ಸರ್ಕಾರದ ಫೀಸೂ ಇಲ್ಲ. 500 ರೂಪಾಯಿ ಪುಡಿಗೆ 25 ರೂಪಾಯಿ ಗಿರಾಕಿ ಕೊಡುತ್ತಾರೆ, ಪೌಚಿಗೆ, ಮಿಷನ್ನಿಗೆ ನೀನು ಕೊಟ್ಟ ತೆರಿಗೆ ಅದರಲ್ಲಿ ವಜಾ ಆಗುತ್ತದೆ. ಹಳೆ ಪಾರ್ಸೆಲ್‌ಗಳ ವಿಷಯ ಆಡಿಟರ್ ಹತ್ತಿರ ಮುಚ್ಚಿಡದೆ ಹೇಳು.

ಇನ್ನೊಂದು. ಹೊಸ ಪದ್ಧತಿಯಲ್ಲಿ ತೆರಿಗೆ ವಿನಾಯಿತಿ ಇಲ್ಲ ಅಂತ ಪಿಪಿಎಫ್, ಅದೇ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ, ಕಟ್ಟುವುದು ನಿಲ್ಲಿಸಿದೆಯಂತೆ. ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು ತಲೆ ನರೆಸಿಕೊಂಡವಳ ಮಗಳು ನೀನು! ಅಂಗಡಿ ಇಟ್ಟವರಿಗೆ ಅದರಲ್ಲಿರುವ ಬೇರೆ ಗುಣ ಕೇಳು. ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಪಿಪಿಎಫ್ ಹಣವನ್ನು ಜಪ್ತಿ ಮಾಡಿಸಲು ಆಗಲ್ಲ. ತಾತನ ಹತ್ತಿರ ಅಂಥದ್ದೊಂದು ಇದ್ದಿದ್ದರೆ ನಮ್ಮಮ್ಮ... ಬಿಡು, ಮತ್ತೆ ಅಲ್ಲಿಗೇ ಹೋಗುತ್ತೇನೆ. ವರ್ಷಕ್ಕೆ 500 ಕಟ್ಟಿದರೂ ಖಾತೆ ಜೀವಂತ ಇರುತ್ತದೆ.

ಕೂಗಾಡಿದ್ದು ಜಾಸ್ತಿಯಾಯಿತು. ಅಳಿಯಂದಿರು ಪಕ್ಕದಲ್ಲೇ ಇದ್ದರಂತೆ, ನನಗೆ ಗೊತ್ತಿರಲಿಲ್ಲ. ಅವರಿಗೂ ಹೇಳು.

ಗ್ರೈಂಡರ್‌ಗೆ ದುಡ್ಡು ಸಾಲದು ಅಂದಿದ್ದೆಯಲ್ಲ, ಒಂದೂವರೆ ಲಕ್ಷ ನನ್ನ ಅಕೌಂಟಿನಿಂದ ನಿನ್ನ ಸ್ವಂತ ಅಕೌಂಟಿಗೆ ಹಾಕುತ್ತೇನೆ. ಸಾಲ ಅಲ್ಲ, ಉಡುಗೊರೆ. ತಾಯಿ ಕೊಟ್ಟದ್ದಕ್ಕೆ ಮಗಳಿಗೆ ತೆರಿಗೆ ಇಲ್ಲ, ಆದರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ನಿನ್ನ ತಮ್ಮನೂ ಸಾಕ್ಷಿ ಹಾಕಿದ್ದಾನೆ. ನೀನು ಮೊದಲು ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆಸು, ಮನೆಯ ಹಾಲಿನ ದುಡ್ಡು ಅದರಿಂದ ಕೊಡಬೇಡ. ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬೀಜ ಕೊಂಡ ಬಿಲ್ಲುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಡು, ಹರಿದದ್ದೂ ಇರಲಿ.

ಇಂತಿ,
ಅಮ್ಮ