ಬಿಲ್ಡಿಂಗ್ ನೋಡಬೇಡ, ವಾರ್ಡ್ ನೋಡು

ಪ್ರೀತಿಯ ಪಲ್ಲವಿಗೆ,

ಅತ್ತೆಯ ಆಶೀರ್ವಾದಗಳು. ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. 'ನರ್ಸಿಂಗೇ ಬೇಕು ಅಂತ ಕೂತಿದ್ದಾಳೆ, ನೀನಾದ್ರೂ ಸ್ವಲ್ಪ ಹೇಳು' ಅಂದ. ನಾನು ಬೇಡ ಅನ್ನಲಿ ಅಂತ ಅವನ ಆಸೆ ಇರಬೇಕು. ನಾನು ಹಾಗೆ ಅನ್ನುವುದಿಲ್ಲ. ಇದೇ ಕೆಲಸ ಮಾಡಿ ಮನೆ ನಡೆಸಿದವಳು ನಾನು. ಆದರೆ ಕಾಲೇಜು ಆರಿಸುವ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕೇಳು.

ಮೊದಲು ಕೋರ್ಸ್ ವಿಷಯ ಮುಗಿಸಿಬಿಡೋಣ. ಜಿಎನ್‌ಎಂ ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ, ಪಿಯುಸಿಯಲ್ಲಿ ಆರ್ಟ್ಸ್ ಓದಿದವರಿಗೂ ಸಿಗುತ್ತದೆ. ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು, ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಇರಬೇಕು. ಯಾವುದನ್ನು ಓದಿದರೂ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ಮೇಲಷ್ಟೇ ನೀನು ನರ್ಸ್. ನಿನಗೆ ಅಂಕ ಇದೆ, ಬಿ.ಎಸ್ಸಿಗೇ ಸೇರು. ಮುಂದೆ ಕೇಂದ್ರ ಸರ್ಕಾರದ ಏಮ್ಸ್‌ನ ನಾರ್ಸೆಟ್, ಅಂದರೆ ನರ್ಸ್‌ಗಳ ನೇಮಕಾತಿ ಪರೀಕ್ಷೆ ಬರೆಯುವುದಾದರೆ ಬಿ.ಎಸ್ಸಿಯವರು ನೇರವಾಗಿ ಬರೆಯಬಹುದು. ಡಿಪ್ಲೊಮಾದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಅನುಭವ ಕೇಳುತ್ತಾರೆ. ಹಾಗಂತ ಜಿಎನ್‌ಎಂನವರನ್ನು ಕಡಿಮೆ ಅಂದುಕೊಳ್ಳಬೇಡ. ನರ ಸಿಗದ ಮಗುವಿಗೆ ಒಂದೇ ಸಲಕ್ಕೆ ಕ್ಯಾನುಲಾ (ನರಕ್ಕೆ ಸೇರಿಸುವ ಸಣ್ಣ ಕೊಳವೆ) ಹಾಕುವ ಎಷ್ಟೋ ಕೈಗಳು ಅವರವೇ.

ಈಗ ಕಾಲೇಜು. ಎಲ್ಲರೂ ಕಟ್ಟಡ ನೋಡುತ್ತಾರೆ, ಹಾಸ್ಟೆಲ್ ನೋಡುತ್ತಾರೆ, ಎಸಿ ಸ್ಕಿಲ್ ಲ್ಯಾಬಿನಲ್ಲಿ ಅಭ್ಯಾಸಕ್ಕೆ ಮಲಗಿಸಿದ ಗೊಂಬೆ ನೋಡಿ ಬೆರಗಾಗುತ್ತಾರೆ. ನೀನು ಆ ಕಾಲೇಜಿನ ಆಸ್ಪತ್ರೆ ಎಲ್ಲಿದೆ ಅಂತ ಕೇಳು. ಬಿ.ಎಸ್ಸಿ ನಡೆಸಲು ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಅನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ. ಕಾಗದದ ಮೇಲೆ ಎಲ್ಲರದ್ದೂ ಸರಿ ಇರುತ್ತದೆ. ಇನ್‌ಸ್ಪೆಕ್ಷನ್ ದಿನ ಊರ ಜನರನ್ನು ವ್ಯಾನಿನಲ್ಲಿ ಕರೆತಂದು ಮಂಚ ತುಂಬಿಸುವ ಕಡೆಗಳೂ ಇವೆ, ಸುಮ್ನೆ ಹೇಳುತ್ತಿಲ್ಲ.

ಅದಕ್ಕೇ ಯಾವುದಾದರೂ ವಾರದ ದಿನ ಬೆಳಗ್ಗೆ ಎಂಟಕ್ಕೆ ಹೋಗು. ನೈಟ್‌ನವರು ಬೆಳಗಿನವರಿಗೆ ಡ್ಯೂಟಿ ಓವರ್ ಕೊಡುವ ಹೊತ್ತು ಅದು. ಒಳಗೆ ಬಿಡದಿದ್ದರೆ ಓಪಿಡಿಯಲ್ಲಿ ಚೀಟಿಗೆ ಎಷ್ಟು ಜನ ನಿಂತಿದ್ದಾರೆ ನೋಡು. ಆಮೇಲೆ ಕ್ಯಾಂಟೀನಿನಲ್ಲಿ ಮೇಲಿನ ವರ್ಷದ ಹುಡುಗಿಯರನ್ನು ಮಾತಿಗೆಳೆ. 'ನೀವೇ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದ್ದೀರಿ?' ಅಂತ ಕೇಳು. ಹುಡುಗಿ ಪಟಪಟ ಅಂತ ಲೇಬರ್ ರೂಮಿನ ಕಥೆ ಶುರು ಮಾಡಿದರೆ ಆ ಕಾಲೇಜು ಪರವಾಗಿಲ್ಲ. ಪಕ್ಕದವಳ ಮುಖ ನೋಡಿ ನಕ್ಕರೆ, ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ ತುಂಬಿದ್ದು ಹಾಸ್ಟೆಲಿನಲ್ಲಿ ಕೂತು ಅಂತ ತಿಳಿ. 'ನಮ್ಮದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲೇ ಪೋಸ್ಟಿಂಗ್' (ವಾರ್ಡ್ ತರಬೇತಿ) ಅಂದರೂ ಅಲ್ಲಿಗೆ ಇನ್ನೆಷ್ಟು ಕಾಲೇಜಿನವರು ಬರುತ್ತಾರೆ ಅಂತ ಕೇಳು. ಒಂದು ಮಂಚದ ಸುತ್ತ ನಾಲ್ಕು ಬಣ್ಣದ ಯೂನಿಫಾರ್ಮ್ ನಿಂತರೆ ಹಿಂದಿನವಳಿಗೆ ಏನು ಕಾಣುತ್ತದೆ ಹೇಳು.

ಈ ದೃಷ್ಟಿಯಿಂದ ನನಗೆ ಸರ್ಕಾರಿ ಕಾಲೇಜೇ ಇಷ್ಟ. ಗೋಡೆಗೆ ಸುಣ್ಣ ಇರಲಿಕ್ಕಿಲ್ಲ, ರೋಗಿಗಳಿಗಂತೂ ಬರವಿಲ್ಲ. ಫೀಸೂ ಕಡಿಮೆ. 2023ರಿಂದ ಬಿ.ಎಸ್ಸಿ ನರ್ಸಿಂಗ್ ಸೀಟೂ ಸಿಇಟಿಯಲ್ಲೇ ಬರುತ್ತದೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ಬೆಂಗಳೂರಿನ ಕೋಟೆ ಹತ್ತಿರದ ಸರ್ಕಾರಿ ನರ್ಸಿಂಗ್ ಕಾಲೇಜನ್ನು ಪಟ್ಟಿಯಲ್ಲಿ ಮೇಲೆ ಬರೆದುಕೋ. ನಿಮ್ಹಾನ್ಸ್‌ನಲ್ಲೂ ಬಿ.ಎಸ್ಸಿ ಇದೆ, ಅದರ ಅರ್ಜಿಯೇ ಬೇರೆ.

ಸೀಟು ಕೊಡಿಸುತ್ತೇನೆ ಅಂತ ಬರುವ ಏಜೆಂಟ್ ಕೈಗೆ ಮಾತ್ರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡ. ಎಷ್ಟು ಗೋಗರೆದರೂ ಜೆರಾಕ್ಸ್ ಅಷ್ಟೇ. ಒಮ್ಮೆ ಸಿಕ್ಕಿಹಾಕಿಕೊಂಡರೆ ಬಿಟ್ಟು ಹೊರಡುವಾಗ ನಾಲ್ಕೂ ವರ್ಷದ ಫೀಸ್ ಕಟ್ಟು ಅಂತ ಕೂರುತ್ತಾರೆ. ಪೋಸ್ಟಿಂಗ್ ಬಸ್ಸು, ಯೂನಿಫಾರ್ಮ್, ಪರೀಕ್ಷೆ ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳು.

ಜರ್ಮನಿ ಅಂತಿದ್ದೆಯಲ್ಲ, ಹೋಗು, ಬೇಡ ಅನ್ನಲ್ಲ. ಆದರೆ ಅಲ್ಲಿ ನರ್ಸ್ ಅಂತ ಒಪ್ಪಿಕೊಳ್ಳಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅಮೆರಿಕವಾದರೆ ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆಯಬೇಕು. ಅದನ್ನು ಬ್ರೋಷರ್ ಬಂದು ಪಾಸು ಮಾಡಿಕೊಡುವುದಿಲ್ಲ. ಮೆಡಿಕಲ್-ಸರ್ಜಿಕಲ್, ಮಕ್ಕಳು, ಹೆರಿಗೆ, ಮಾನಸಿಕ ಆರೋಗ್ಯ, ಇವುಗಳಲ್ಲಿ ಮಾಡಿದ ತರಬೇತಿಯನ್ನೂ ಅಲ್ಲಿಯವರು ನೋಡುತ್ತಾರೆ. ಸುಳ್ಳು ಲಾಗ್‌ಬುಕ್ ಅಲ್ಲಿ ಕೈಕೊಡುತ್ತದೆ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಚಿಕ್ಕ ನರ್ಸಿಂಗ್ ಹೋಮ್‌ಗಳಲ್ಲಿ ಕೊಡುವುದು ಬಹಳ ಕಡಿಮೆ, ದುಡಿಸಿಕೊಳ್ಳುವುದು ಜಾಸ್ತಿ. ಏಮ್ಸ್‌ನಲ್ಲಿ ಮೂಲ ವೇತನವೇ ₹44,900ರಿಂದ ಶುರು. ವ್ಯತ್ಯಾಸ ಅಷ್ಟಿದೆ, ಅದಕ್ಕೇ ಓದುವಾಗಲೇ ನಾರ್ಸೆಟ್ ಪರೀಕ್ಷೆಗೆ ತಯಾರಾಗು.

ಸಿಇಟಿಯಲ್ಲಿ ಕಾಲೇಜು ಆರಿಸುವ ಆಪ್ಷನ್ ಎಂಟ್ರಿಗೆ ಮುಂಚೆ ಪಟ್ಟಿಯನ್ನು ನನಗೆ ವಾಟ್ಸಾಪ್ ಮಾಡು, ಒಂದೊಂದಕ್ಕೂ ಆಸ್ಪತ್ರೆ ಯಾವುದು ಅಂತ ಪಕ್ಕದಲ್ಲೇ ಬರೆದಿರಲಿ. ನಿಮ್ಮಪ್ಪನಿಗೆ ನೈಟ್ ಡ್ಯೂಟಿಯದೇ ಚಿಂತೆ. ಅವನ ಹತ್ತಿರ ನಾನು ಮಾತಾಡುತ್ತೇನೆ.

ನಿನ್ನ ಅತ್ತೆ