ಫ್ರೆಂಚ್ ಬಿಡಿಸಲಾ, ಲ್ಯಾಬ್ ಬಿಡಿಸಲಾ ಅಂತ ಕೇಳಿದ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ಶನಿವಾರದ ಸಭೆಯಲ್ಲಿ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದಿರಿ. "ಮೇಡಂ, ಮಗಳಿಗೆ ಫ್ರೆಂಚ್ ಬಿಡಿಸಿ ಸೈನ್ಸ್ ಟ್ಯೂಷನ್‌ಗೆ ಹಾಕಲಾ?" ಇನ್ನು ಕೆಲವರದ್ದು ಉಲ್ಟಾ. ಫ್ರೆಂಚ್ ಇರಲಿ, ಪ್ರಾಕ್ಟಿಕಲ್ ಹೇಗೂ ಮೇಷ್ಟ್ರೇ ಬರೆಸ್ತಾರಲ್ಲ ಅಂದಿರಿ. ಆ ಗದ್ದಲದಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಒಂಬತ್ತನೇ ತರಗತಿಗೆ ಫ್ರೆಂಚ್ ಮತ್ತು ಲ್ಯಾಬ್ ಎರಡೂ ಮಂಗಳವಾರ ಮಧ್ಯಾಹ್ನವೇ ಬಿದ್ದಿದ್ದವು. ಹುಡುಗಿಯರು ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಅಂತ ಓಡಾಡಿದರು. ವೇಳಾಪಟ್ಟಿ ಮಾಡಿದವಳು ನಾನೇ. ಬರುವ ಸೋಮವಾರದಿಂದ ಇದು ಬದಲಾಗುತ್ತದೆ. ಲ್ಯಾಬ್ ಬುಧವಾರ ಮತ್ತು ಶುಕ್ರವಾರ, ಶಾಲೆಯ ಸಮಯದಲ್ಲೇ. ಫ್ರೆಂಚ್ ಮಂಗಳವಾರ ಮತ್ತು ಗುರುವಾರ, ಕೊನೆಯ ಬೆಲ್ ಆದ ಮೇಲೆ ಮುಕ್ಕಾಲು ಗಂಟೆ. ಕನ್ನಡದ ಒಂದು ಪೀರಿಯಡ್ ಕೂಡ ಕಡಿಮೆ ಮಾಡಿಲ್ಲ. ಆ ಭಯ ಬೇಡ.

ಮಾರ್ಕ್ಸ್ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಫ್ರೆಂಚ್ ಕ್ಲಾಸ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬರುವುದಿಲ್ಲ. ಪಿಯುಸಿಯಲ್ಲಿ ಕೆಲವು ಕಾಲೇಜುಗಳು ಫ್ರೆಂಚನ್ನು ಭಾಷಾ ವಿಷಯವಾಗಿ ಕೊಡುತ್ತವೆ. ಅಲ್ಲಿ ಅದಕ್ಕೆ 'ಸ್ಕೋರಿಂಗ್ ಸಬ್ಜೆಕ್ಟ್' ಅಂತ ಹೆಸರು. ಬರೀ ಆ ಆಸೆಗೆ ಮಗಳನ್ನು ಸೇರಿಸಿದ್ದರೆ ಅವಳನ್ನೇ ಒಂದು ಸಲ ಕೇಳಿ ನೋಡಿ. ಇಷ್ಟವಿಲ್ಲದ ಹುಡುಗಿಯನ್ನು ಮುಕ್ಕಾಲು ಗಂಟೆ ಸುಮ್ನೆ ಕೂರಿಸಿಕೊಳ್ಳಲು ನಮಗೂ ಮನಸ್ಸಿಲ್ಲ.

ಹಾಗಾದರೆ ಯಾಕೆ ಕಲಿಸುತ್ತಿದ್ದೇವೆ? ಹೋದ ತಿಂಗಳು ಹತ್ತನೇ ತರಗತಿಯಲ್ಲಿ ನಡೆದದ್ದು ಹೇಳುತ್ತೇನೆ. ಆಮ್ಲಗಳ ಪಾಠ ನನ್ನದೇ. ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಇದರಲ್ಲಿ ಹೈಡ್ರೋಜನ್, ಕ್ಲೋರಿನ್ ಅಷ್ಟೇ ಇದೆ. ಆಕ್ಸಿಜನ್ ಇಲ್ಲವೇ ಇಲ್ಲ. ಮತ್ತೆ ಆಕ್ಸಿಜನ್‌ಗೆ ಆಮ್ಲಜನಕ ಅಂತ ಯಾಕಂತಾರೆ?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉತ್ತರ ಇರುವುದು ಪ್ಯಾರಿಸ್‌ನಲ್ಲಿ. 1787ರಲ್ಲಿ ಲೆವಾಸಿಯೆ ಅನ್ನುವ ಫ್ರೆಂಚ್ ವಿಜ್ಞಾನಿ ಮತ್ತು ಅವರ ಗೆಳೆಯರು ರಸಾಯನ ವಸ್ತುಗಳಿಗೆ ಹೊಸ ಹೆಸರುಗಳ ಪಟ್ಟಿ ತಂದರು. ನಾವು ಓದುವಾಗ ಅವರು ಲೆವಾಸಿಯರ್ ಆಗಿದ್ದರು. ಕೊನೆಯ ಅಕ್ಷರ ನುಂಗಬೇಕು ಅಂತ ಈಗ ಮಕ್ಕಳು ನನ್ನನ್ನು ತಿದ್ದುತ್ತಾರೆ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದೆ ಅಂತ ಲೆವಾಸಿಯೆ ನಂಬಿದ್ದರು. ಅದಕ್ಕೇ ಗ್ರೀಕ್ ಪದಗಳನ್ನು ಜೋಡಿಸಿ 'ಆಮ್ಲ ಹುಟ್ಟಿಸುವುದು' ಅನ್ನುವ ಹೆಸರಿಟ್ಟರು. ಹೈಡ್ರೋಜನ್ ಅಂದರೆ 'ನೀರು ಹುಟ್ಟಿಸುವುದು'. ನಮ್ಮ ಜಲಜನಕ, ಆಮ್ಲಜನಕಕ್ಕೂ ಅದೇ ಅರ್ಥ ಅಲ್ವಾ? ಜಲಜನಕ ಸರಿಹೋಯಿತು. ಆಮ್ಲಜನಕದಲ್ಲಿ ಲೆವಾಸಿಯೆ ಮಾಡಿದ ತಪ್ಪು ಹಾಗೇ ಕನ್ನಡದಲ್ಲೂ ಕೂತಿದೆ. ಆ ಪ್ರಶ್ನೆ ಕೇಳಿದವಳು ಫ್ರೆಂಚ್ ಕ್ಲಾಸಿನ ಹುಡುಗಿ. ಪದ ಕಂಡರೆ ಬಿಡಿಸಿ ನೋಡುವ ಚಟ ಅಲ್ಲಿ ಹತ್ತಿದೆ.

ಲೆವಾಸಿಯೆ ಅವರ ಹೆಂಡತಿಯ ಕತೆ ನನಗೆ ಇನ್ನೂ ಇಷ್ಟ. ಮರಿ ಆನ್‌ಗೆ ಮದುವೆಯಾದಾಗ ಬರೀ 13 ವರ್ಷ. ಗಂಡನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಈಕೆ ಕಲಿತರು. ಕರ್ವನ್ ಅನ್ನುವ ವಿಜ್ಞಾನಿಯ ಇಂಗ್ಲಿಷ್ ಪುಸ್ತಕವನ್ನು 1788ರಲ್ಲಿ ಫ್ರೆಂಚ್‌ಗೆ ತಂದರು. ಅದರಲ್ಲಿ ತಪ್ಪು ಕಂಡಲ್ಲಿ ತಮ್ಮದೇ ಟಿಪ್ಪಣಿ ಸೇರಿಸಿದರು. ಮರುವರ್ಷ ಬಂದ ಗಂಡನ ಪುಸ್ತಕಕ್ಕೆ ಲ್ಯಾಬ್ ಸಲಕರಣೆಗಳ 13 ಚಿತ್ರಫಲಕಗಳನ್ನು ಮಾಡಿಕೊಟ್ಟರು, ತಮ್ಮ ಹೆಸರನ್ನೂ ಹಾಕಿಕೊಂಡರು. ಭಾಷೆ ಬಿಡಲಾ, ಲ್ಯಾಬ್ ಬಿಡಲಾ ಅಂತ ಆಕೆಯನ್ನು ಕೇಳಿದ್ದರೆ ಏನಂತಿದ್ದರೋ!

ಇನ್ನೊಂದು ಮಾತು. ಫ್ರೆಂಚ್ ನಮ್ಮ ಮಕ್ಕಳಿಗೆ ಅಂದುಕೊಂಡಷ್ಟು ದೂರದ್ದಲ್ಲ. ಇಂಗ್ಲಿಷಿನ 'ಯೂ' ಎಲ್ಲರಿಗೂ ಒಂದೇ. ಫ್ರೆಂಚ್‌ನಲ್ಲಿ ನಮ್ಮ ಹಾಗೇ ನೀನು, ನೀವು ಬೇರೆ ಬೇರೆ. ಅದು ಒಂದೇ ದಿನದಲ್ಲಿ ಬಂತು. ಮೇಜು ಸ್ತ್ರೀಲಿಂಗ ಅಂದಾಗ ಮಾತ್ರ ಕ್ಲಾಸೆಲ್ಲ ನಕ್ಕಿತು. ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು' ಅನ್ನುತ್ತಾರೆ ಅಂದಾಗ ಇನ್ನೂ ಜಾಸ್ತಿ.

ಈಗ ಲ್ಯಾಬ್. ನಾನು ಓದಿದ ಹೈಸ್ಕೂಲಿನಲ್ಲಿ ಗಾಜಿನ ಬೀರು ಇತ್ತು, ಅದಕ್ಕೆ ಬೀಗ ಇತ್ತು. ಮೂರು ವರ್ಷದಲ್ಲಿ ಒಂದು ಟೆಸ್ಟ್ ಟ್ಯೂಬ್ ಮುಟ್ಟಲಿಲ್ಲ. "ಹುಡುಗೀರು, ಒಡೆದು ಹಾಕ್ತೀರಿ" ಅಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಮ್ಮಲ್ಲಿ ಒಡೆಯುತ್ತವೆ, ಒಡೆಯಲಿ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20 ಹೇಗೂ ಸಿಗುತ್ತೆ ಅನ್ನುವ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ಸತುವಿನ ಚೂರಿಗೆ ಆಮ್ಲ ಹಾಕಿ, ಬಂದ ಗಾಳಿಗೆ ಕಡ್ಡಿ ಹಿಡಿದಾಗ 'ಪಟ್' ಅನ್ನುವ ಸದ್ದು ಪ್ರತಿ ಹುಡುಗಿಯೂ ತನ್ನ ಕೈಯಲ್ಲೇ ಕೇಳಿಸಿಕೊಳ್ಳಬೇಕು.

ಹಾಗಾಗಿ ಪೂಜೆ, ನಾಮಕರಣ ಅಂತ ಬುಧವಾರ, ಶುಕ್ರವಾರ ರಜೆ ಹಾಕಿಸಬೇಡಿ. ಆ ದಿನ ಕೂದಲು ಬಿಗಿಯಾಗಿ ಕಟ್ಟಿ ಕಳಿಸಿ. ದುಪಟ್ಟಾ ಹತ್ತಿಯದಿರಲಿ, ಲ್ಯಾಬಿನಲ್ಲಿ ಅದನ್ನೂ ತೆಗೆಸಿ ಇಡುತ್ತೇವೆ. ಸ್ಪಿರಿಟ್ ದೀಪದ ಹತ್ತಿರ ನೈಲಾನ್ ಬೇಡವೇ ಬೇಡ.

ಫ್ರೆಂಚ್ ಕ್ಲಾಸಿಗೆ ಫೀಸ್ ಇಲ್ಲ, ಒಂದು ನೋಟ್‌ಬುಕ್ ಸಾಕು. ಮುಂದೆ ಯಾರಾದರೂ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆಯಲ್ಲಿ ಡೆಲ್ಫ್ ಅನ್ನುವ ಫ್ರೆಂಚ್ ಭಾಷಾ ಪರೀಕ್ಷೆ ಬರೆಯುವುದಾದರೆ ಅದರ ಖರ್ಚು ನಿಮ್ಮದು. ಆ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದು ಅಂತಿಲ್ಲ, ಅವಸರವೂ ಇಲ್ಲ.

ಟ್ಯೂಷನ್ ಬಗ್ಗೆ ಇನ್ನೂ ಅನುಮಾನ ಇದ್ದವರು ಒಂದು ಶುಕ್ರವಾರ ಮಧ್ಯಾಹ್ನ ಲ್ಯಾಬಿಗೆ ಬನ್ನಿ. ಅಮ್ಮಂದಿರು ಬಂದರೆ ಕಡ್ಡಿ ಹಿಡಿಯಲು ಅವರಿಗೂ ಕೊಡುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ